ಭಾಗ್ಯ ಮೈಕಿನಲ್ಲಿ ಹೇಳಿದ ಒಡಪು

ನನ್ನ ಹೆಂಡತಿ ಭಾಗ್ಯಲಕ್ಷ್ಮಿ ಹಠಮಾರಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ದೂರಬಾರದು. ದಾವಣಗೆರೆಯ ವಿನೋಬನಗರದಲ್ಲಿ ಒಂದು, ಹರಿಹರದಲ್ಲಿ ಒಂದು, ಹೀಗೆ ಅವಳಿಗೆ ಎರಡು ಆನ್‌ಲೈನ್ ಅಂಗಡಿ. ಅರ್ಜಿ ಹಾಕುವುದು, ಪಹಣಿ ತೆಗೆಯುವುದು, ಸ್ಕಾಲರ್‌ಶಿಪ್, ಪಿಂಚಣಿ, ಜನ ಏನು ಕೇಳಿದರೆ ಅದು. ಬೆಳಿಗ್ಗೆ ಇಲ್ಲಿ ಕೂರುತ್ತಾಳೆ, ಮಧ್ಯಾಹ್ನದ ಮೇಲೆ ಅಲ್ಲಿ. ನಾನು ಚೌಡೇಶ, ಲಗೇಜ್ ಆಟೋ ಓಡಿಸುತ್ತೇನೆ. ಮಂಡಕ್ಕಿ ಚೀಲದ ಬಾಡಿಗೆ ಹರಿಹರದ ಕಡೆಗೆ ಸಿಕ್ಕಿದ ದಿನ ಅವಳು ನನ್ನ ಪಕ್ಕದಲ್ಲಿ ಕೂತು ಬರುತ್ತಾಳೆ, ಸಿಗದಿದ್ದರೆ ಬಸ್ಸು ಹಿಡಿಯುತ್ತಾಳೆ.

ಈ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಅರ್ಜಿ ಹಾಕಲು ಬಂದವರಿಗೆ ಇಮೇಲ್ ಬೇಕು, ಪಾಸ್‌ವರ್ಡ್ ಬೇಕು. ಎರಡನ್ನೂ ಅಂಗಡಿಯವರೇ ಹುಟ್ಟಿಸಿ ಅಂಗಡಿಯವರೇ ಇಟ್ಟುಕೊಳ್ಳುತ್ತಾರೆ. ಗಿರಾಕಿಗೆ ಹೇಳಲು ಹೋದರೆ, "ನೀವೇ ಹಾಕಿದ್ದಲ್ರೀ ಅಕ್ಕಾ, ನೀವೇ ಇಟ್ಕಳ್ರಿ, ನಮಗ್ಯಾಕ ಅದು" ಎಂದು ಎದ್ದು ಹೋಗುತ್ತಾರೆ. ಅದಕ್ಕೆ ಅಂಗಡಿಯವರು ನೆನಪಿಗೆ ಸುಲಭವಾಗಲಿ ಎಂದು ಊರಿನ ಹೆಸರಿಗೆ ಒಂದು ಎರಡು ಮೂರು ಅಂಟಿಸಿಬಿಡುತ್ತಾರೆ. ಕೊಕ್ಕನೂರಿನವರಿಗೆಲ್ಲ ಒಂದೇ ಪಾಸ್‌ವರ್ಡ್, ಲೋಕಿಕೆರೆಯವರಿಗೆಲ್ಲ ಒಂದೇ. ಮನೆಮನೆಗೂ ಬೀಗ ಹಾಕಿಸಿ ಇಡೀ ಊರಿಗೆ ಒಂದೇ ಬೀಗದ ಕೈ ಕೊಟ್ಟ ಹಾಗೆ. ಭಾಗ್ಯಳೂ ಶುರುವಿನಲ್ಲಿ ಹಾಗೆಯೇ ಮಾಡುತ್ತಿದ್ದಳು.

ಕೆಟ್ಟದ್ದು ಮಕ್ತುಮ್ ಸಾಬರ ಮಗಳ ವಿಷಯದಲ್ಲಿ. ಸಾಬರು ಹರಿಹರದಲ್ಲಿ ನಮ್ಮ ಅಂಗಡಿಯ ಸಾಲಿನಲ್ಲೇ ಗಾದಿ ಹೊಲಿಯುವವರು. ಅವರ ಮಗಳು ಯಾಸ್ಮೀನಳ ಸ್ಕಾಲರ್‌ಶಿಪ್ ಅರ್ಜಿಯನ್ನು ಯಾರೋ ಪುಣ್ಯಾತ್ಮರು ಒಳಹೊಕ್ಕು ರದ್ದು ಮಾಡಿದ್ದರು. ಗೊತ್ತಾಗುವ ಹೊತ್ತಿಗೆ ಕೊನೆಯ ದಿನ ದಾಟಿತ್ತು. ಊರ ಹೆಸರು, ಒಂದು ಎರಡು ಮೂರು. ಊಹಿಸಲು ದೊಡ್ಡ ತಲೆಯೇನೂ ಬೇಕಿರಲಿಲ್ಲ. ಸಾಬರು ಬೈಯಲಿಲ್ಲ. "ಹೋಗ್ಲಿ ಬಿಡ್ರಿ ಅಕ್ಕೋರೆ, ನಸೀಬು" ಎಂದರು. ಬೈದಿದ್ದರೆ ಇವಳು ಸುಮ್ಮನಾಗುತ್ತಿದ್ದಳೋ ಏನೋ, ಬೈಯದೇ ಇದ್ದದ್ದು ಚುಚ್ಚಿಬಿಟ್ಟಿತು.

"ನಸೀಬು ಅಲ್ರಿ ಸಾಬ್ರೆ, ನನ್ನ ಸೋಮಾರಿತನ," ಎಂದಳು. "ಇನ್ನ ಮ್ಯಾಲೆ ನನ್ನ ನಂಬಿದ ಮಂದೀದು ಒಂದು ಪಾಸ್‌ವರ್ಡೂ ನನ್ನ ಕೈ ಜಾರಿ ಹೋಗಲ್ಲ. ಹೋದ್ರೆ ಮುಖ ಮುಚ್ಕಂಡು ಕುಂಡ್ರಲ್ಲ, ನಿಮ್ಮ ಮುಂದೆ ಬಂದು ನಿಂತು ಹೇಳ್ತೀನಿ."

ಅಲ್ಲಿಂದ ಬಂದವಳೇ, ವಿನೋಬನಗರದ ಅಂಗಡಿಗೆ ಕಂಪ್ಯೂಟರ್ ರಿಪೇರಿಗೆ ಬರುವ ಅತೀಕ್‌ನನ್ನು ಹಿಡಿದು ಕೂರಿಸಿದಳು. ಅವನು ಒಂದು ಸಾಫ್ಟ್‌ವೇರ್ ಹಾಕಿಕೊಟ್ಟ. ಗಿರಾಕಿಗೊಂದು ಬೇರೆ ಬೇರೆ ಪಾಸ್‌ವರ್ಡ್ ಮಾಡಿ, ಎಲ್ಲವನ್ನೂ ಒಂದೇ ಫೈಲಿನಲ್ಲಿ ತುಂಬಿ ಬೀಗ ಜಡಿಯುವಂಥದ್ದು. ಆ ಫೈಲನ್ನು ಇಂಟರ್ನೆಟ್ಟಿನ ಡ್ರೈವ್‌ನಲ್ಲಿ ಇಟ್ಟರೆ ಇಲ್ಲಿಯ ಕಂಪ್ಯೂಟರು, ಹರಿಹರದ ಕಂಪ್ಯೂಟರು, ಅವಳ ಮೊಬೈಲು, ಮೂರಕ್ಕೂ ಅದೇ ಸಿಗುತ್ತದೆ. ಬೆಳಿಗ್ಗೆ ಇಲ್ಲಿ ಸೇರಿಸಿದ್ದು ಮಧ್ಯಾಹ್ನ ಅಲ್ಲಿ ಇರುತ್ತದೆ. ಕೇಳಿ ನನಗೆ ಗಾಬರಿಯಾಯಿತು.

"ಅಲ್ಲೋ ಅತೀಕ್, ಊರ ಮಂದಿ ಗುಟ್ಟೆಲ್ಲ ಒಯ್ದು ಇಂಟರ್ನೆಟ್ಟಿನಾಗೆ ಇಡ್ತೀಯಲ್ಲೋ?" ಎಂದೆ.

"ಬೀಗ ಗಟ್ಟಿ ಇದ್ರೆ ಪೆಟ್ಟಿಗೆ ಬಸ್ ಸ್ಟ್ಯಾಂಡಿನಾಗೆ ಇಟ್ರೂ ಏನೂ ಆಗಲ್ಲಣ್ಣ," ಎಂದ. "ಎರಡು ಬೀಗ ಹಾಕೀನಿ. ಒಂದು, ಭಾಭಿ ತಲೆಯಾಗೆ ಇರೋ ಮಾತು. ಇನ್ನೊಂದು ಈ ಸಣ್ಣ ಕೀಲಿ ಫೈಲು. ಇದನ್ನ ಪೆನ್‌ಡ್ರೈವಿನಾಗೆ ಕೈಯಾರೆ ಒಯ್ದು ಮೂರೂ ಕಡೆ ಹಾಕ್ರಿ. ಡ್ರೈವ್‌ಗೆ ಹಾಕಬ್ಯಾಡ್ರಿ, ವಾಟ್ಸಾಪಿನಾಗೆ ಕಳಿಸಬ್ಯಾಡ್ರಿ. ಪೆಟ್ಟಿಗೆ ಪಕ್ಕಕ್ಕೇ ಬೀಗದಕೈ ನೇತಾಕಿದಂಗೆ ಆಗುತ್ತೆ."

"ಮಾತು ಎಂಥದ್ದಿರಬೇಕು?" ಎಂದಳು ಭಾಗ್ಯ.

"ಉದ್ದ ಇರಬೇಕು. ನಿಮಗೆ ಮರೀಬಾರ್ದು. ಬ್ಯಾರೆಯವರ ಬಾಯಾಗೆ ಒಂದಿನಾನೂ ಬಂದಿರಬಾರ್ದು."

ಆ ಮಾತು ಏನೆಂದು ನನಗೂ ಹೇಳಲಿಲ್ಲ. ಕಾಡಿದೆ, ಬೇಡಿದೆ, ಮುನಿಸಿಕೊಂಡೆ, ಊಹೂಂ. ಆದರೆ ಟೈಪ್ ಮಾಡುವಾಗ ಅವಳ ತುಟಿ ಅಲ್ಲಾಡುತ್ತಿತ್ತು. ನಮ್ಮ ಜೊತೆಗೇ ಇರುವ ನನ್ನವ್ವ ದುರುಗವ್ವನ ಬಾಯಿ ಕತ್ತರಿ ಇದ್ದ ಹಾಗೆ. "ಏನೋ ಚೌಡ್ಯಾ, ನಿನ್ನ ಹೆಂಡ್ತಿ ಆ ಡಬ್ಬಿ ಮುಂದೆ ಕುಂತು ತುಟಿ ಪಿಟಿಪಿಟಿ ಅನ್ನಿಸ್ತಾಳೆ, ಮಾಟ ಗೀಟ ಕಲ್ತಾಳೇನು?" ಎಂದು ನನ್ನನ್ನು ಕೇಳುತ್ತಿದ್ದಳು. ಅತ್ತೆ ಸೊಸೆಗೆ ಎದುರು ಬದುರು ಮಾತು ಕಡಿಮೆ. ಜಗಳವೂ ಇಲ್ಲ, ಸಲಿಗೆಯೂ ಇಲ್ಲ, ಹಾಗೆ ಇದ್ದರು.

ಹರಿಹರದ ಅಂಗಡಿಯಲ್ಲಿ ಬೆಳಗಿನ ಹೊತ್ತು ಜೆರಾಕ್ಸ್, ಲ್ಯಾಮಿನೇಷನ್ ನೋಡಿಕೊಳ್ಳುತ್ತಿದ್ದವನು ನನ್ನ ಸೋದರತ್ತೆಯ ಮಗ ರವಿಚಂದ್ರ. ಕೆಲಸ ಕೈಗೆ ಹತ್ತಿದ ಮೇಲೆ ಎದುರು ಸಾಲಿನಲ್ಲೇ ಸ್ವಂತ ಅಂಗಡಿ ತೆರೆದ. ತೆರೆಯಲಿ, ಬೇಡ ಎಂದವರು ಯಾರು? ಆದರೆ ಹೋಗುವಾಗ ನಮ್ಮ ಕಂಪ್ಯೂಟರಿನಲ್ಲಿ ಇದ್ದದ್ದನ್ನೆಲ್ಲ ತನ್ನ ಹಾರ್ಡ್‌ಡಿಸ್ಕಿಗೆ ತುಂಬಿಕೊಂಡು ಹೋಗಿದ್ದ. ಗೊತ್ತಾದಾಗ ನಾನು ಸಿಟ್ಟಿನಿಂದ ಕುಣಿದಾಡಿಬಿಟ್ಟೆ. ಭಾಗ್ಯ ಮಾತ್ರ ತಣ್ಣಗಿದ್ದಳು.

"ಫೈಲೂ ಹೋಗೈತೆ, ಕೀಲಿನೂ ಹೋಗೈತೆ. ಆದ್ರೆ ಮಾತು ನನ್ ಹತ್ರ ಐತೆ. ಅದಿಲ್ದೆ ಅವ್ನು ತಲೆಕೆಳಗಾಗಿ ನಿಂತ್ರೂ ತೆರಿಯಲ್ಲ," ಎಂದಳು. ಎರಡೂ ಊರಿನ ಮಂದಿಯ ಗುಟ್ಟು ಅಂದಿನಿಂದ ಅವಳ ನಾಲಿಗೆಯೊಂದರ ಮೇಲೆ ನಿಂತಿತ್ತು.

ಸಂಬಂಧ ಎಂದ ಮೇಲೆ ಹೋಗದೆ ಇರಲಾಗುತ್ತದೆಯೇ? ರವಿಚಂದ್ರನ ಮಗಳ ತೊಟ್ಟಿಲು ಶಾಸ್ತ್ರಕ್ಕೆ ಹರಿಹರದ ಒಂದು ಸಮುದಾಯ ಭವನಕ್ಕೆ ಮೂವರೂ ಹೋದೆವು. ಮಗುವಿಗೆ ಹೆಸರಿಟ್ಟಾಯಿತು, ಆರತಿಯಾಯಿತು. ಇನ್ನು ನಮ್ಮ ಹೆಣ್ಣುಮಕ್ಕಳು ಬಿಡುತ್ತಾರೆಯೇ? ತೊಟ್ಟಿಲ ಸುತ್ತ ನಿಂತ ಮುತ್ತೈದೆಯರು ಒಬ್ಬೊಬ್ಬರಾಗಿ ಒಡಪು ಹೇಳಬೇಕು. ಗಂಡನ ಹೆಸರನ್ನು ಸುಮ್ಮನೆ ಬಾಯಿಬಿಟ್ಟು ಹೇಳುವಂತಿಲ್ಲವಲ್ಲ, ಅದಕ್ಕೆ ಒಂದು ಪ್ರಾಸದ ಮಾತು ಕಟ್ಟಿ ಅದರೊಳಗೆ ಹೆಸರು ಇಟ್ಟು ಹೇಳುವುದು. ಭಾಗ್ಯಳ ಸರದಿ ಬಂತು. ಅವಳು ಎಲ್ಲ ಕಡೆ ಹೇಳುವ ಬೆಳ್ಳಿ ಬಟ್ಟಲಿನ ಒಡಪು ಶುರುಮಾಡಿದಳು.

"ಏ, ಅದು ಹಳೇದು ಹಳೇದು! ನಮ್ಮ ಮದ್ವೀಗೂ ಅದೇ ಹೇಳಿದ್ದೆ. ಹೊಸದು ಹೇಳೇ!" ಎಂದು ಹೆಂಗಸರು ಮುತ್ತಿಕೊಂಡರು. ಯಾರೋ ಮೈಕನ್ನು ಅವಳ ಬಾಯಿಗೇ ಹಿಡಿದರು. ಒಬ್ಬಳು ಸೊಂಟ ತಿವಿದಳು. ಇವಳು ನಗುತ್ತಾ, ನಾಚುತ್ತಾ, ಒಂದೇ ಉಸಿರಿಗೆ ಹೇಳಿಬಿಟ್ಟಳು:

"ನೂರು ಬಸ್ಸು ಬಂದ್ರೂ ಹರಿಹರದ ದಾರೀಲಿ, ನಾ ಕುಂದ್ರೋದು ಚೌಡೇಶರ ಆಟೋದ ಸೀಟಲ್ಲಿ!"

ಭವನವೇ ಹಾರಿಹೋಗುವ ಹಾಗೆ ಕೇಕೆ ಬಿತ್ತು. ನಾನು ಕೂತಲ್ಲೇ ಉಬ್ಬಿಹೋದೆ. ಪಕ್ಕದವರು ಬೆನ್ನು ತಟ್ಟಿದರು. ಲಗೇಜ್ ಆಟೋದವನ ಹೆಸರನ್ನು ಯಾವ ಹೆಂಡತಿ ಹೀಗೆ ಮೆರೆಸಿದ್ದಾಳೆ, ಹೇಳಿ? ರವಿಚಂದ್ರ ಮೊಬೈಲು ಎತ್ತಿ ಹಿಡಿದು ಶುರುವಿನಿಂದ ವಿಡಿಯೋ ಮಾಡುತ್ತಿದ್ದ. ಆಗ ಭಾಗ್ಯಳ ಮುಖ ನೋಡಿದೆ. ನಗು ಅಲ್ಲೇ ನಿಂತುಹೋಗಿತ್ತು. ಮೈಕನ್ನು ಯಾರ ಕೈಗೋ ತುರುಕಿ ಹೊರಗೆ ನಡೆದಳು.

ನಾನು ಹಿಂದೆಯೇ ಓಡಿದೆ. "ಯಾಕೇ? ಎಷ್ಟು ಚಂದ ಹೇಳಿದ್ಯಲ್ಲ!"

"ಅದೇರೀ ನನ್ನ ಪಾಸ್‌ವರ್ಡು," ಎಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದಿನಕ್ಕೆ ಹತ್ತಾರು ಸಲ ತುಟಿಯೊಳಗೆ ಅಂದು ಅಂದು ಅದು ನಾಲಿಗೆಯ ತುದಿಯಲ್ಲೇ ಕೂತಿತ್ತು. ಹೊಸದು ಎಂದ ತಕ್ಷಣ ಅದೇ ಹೊರಗೆ ಬಿತ್ತು. ನನಗೆ ನಗು ಬಂತು, ನಿಜ. ಹೆಂಡತಿ ಜಗತ್ತಿಗೆಲ್ಲ ಮುಚ್ಚಿಟ್ಟ ಗುಟ್ಟಿನೊಳಗೆ ನಾನೇ ಕೂತಿದ್ದೆನಲ್ಲ! ಆಮೇಲೆ ರವಿಚಂದ್ರನ ಮೊಬೈಲು ನೆನಪಾಯಿತು, ಅವನ ಹಾರ್ಡ್‌ಡಿಸ್ಕು ನೆನಪಾಯಿತು, ನಗು ಇಳಿದುಹೋಯಿತು. ನಾವು ನಿಂತಿದ್ದ ಹಾಗೆಯೇ ಆ ವಿಡಿಯೋ ಅವನ ಸ್ಟೇಟಸ್ಸಿನಲ್ಲಿ ಬಂತು.

ಅವಳು ಅಲ್ಲೇ ಚಪ್ಪಲಿ ಬಿಡುವ ಜಾಗದಲ್ಲಿ ನಿಂತು ಮೊಬೈಲಿನಲ್ಲಿ ಮಾತು ಬದಲಿಸಿದಳು. ಸದ್ಯಕ್ಕೆ ಕಂಪ್ಯೂಟರೇ ಹುಟ್ಟಿಸಿದ ಅಡ್ಡಾದಿಡ್ಡಿ ಅಕ್ಷರಗಳು.

"ಮುಗೀತಲ್ಲ? ನಡಿ, ಊಟ ಮಾಡಾಣ," ಎಂದೆ.

"ಎಲ್ಲಿ ಮುಗೀತ್ರಿ? ನಾನು ಬದಲಿ ಮಾಡಿದ್ದು ನನ್ನ ಫೈಲಿಂದು. ರವಿ ಹತ್ರ ಇರೋ ಹಳೇ ಪ್ರತಿ ಹಳೇ ಮಾತಿಗೇ ತೆರೀತೈತೆ. ಅದರಾಗಿರೋ ಪಾಸ್‌ವರ್ಡು ಎಲ್ಲಾ ಬದಲಾಗಬೇಕು, ಒಂದೂ ಬಿಡದಂಗೆ. ಹಂಗಾದ್ರೆ ಅವನ ಹತ್ರ ಇರೋದು ಖಾಲಿ ಪೆಟ್ಟಿಗೆ."

"ಬದಲಿಸು ಮತ್ತೆ, ನಿನಗೇನು ಕಷ್ಟ?"

"ಬದಲಿ ಮಾಡಾಕೆ ಹೋದ್ರೆ ಓಟಿಪಿ ಅವರವರ ಫೋನಿಗೆ ಹೋಗ್ತೈತೆ. ಒಬ್ಬೊಬ್ಬರನ್ನೂ ಕರೀಬೇಕು."

"ಕರಿ. ಸರ್ಕಾರದ ಹೊಸ ರೂಲ್ಸು ಬಂದೈತೆ ಅಂತ ಹೇಳು. ಸರ್ಕಾರ ಅಂದ್ರೆ ಯಾವನೂ ಎದುರು ಕೇಳಲ್ಲ."

ನನ್ನ ಬುದ್ಧಿಗೆ ಅದು ಬಹಳ ಒಳ್ಳೆಯ ಉಪಾಯವಾಗಿ ಕಂಡಿತ್ತು. ಅವಳು ನನ್ನನ್ನು ನೋಡಿದ ನೋಟದಲ್ಲಿ ಹಸಿ ಕಟ್ಟಿಗೆಯೂ ಹತ್ತಿಕೊಳ್ಳುತ್ತಿತ್ತು. "ನನ್ನ ಬಾಯಿ ಮಾಡಿದ ತಪ್ಪು, ನನ್ನ ಬಾಯೇ ಹೇಳ್ತೈತೆ," ಎಂದಳು. ಊಟವನ್ನೂ ಮಾಡಲಿಲ್ಲ.

ಸಂಜೆಯೇ ವಿನೋಬನಗರದ ಅಂಗಡಿಯಲ್ಲಿ ಹೊಸ ಕೀಲಿ ಫೈಲು ಮಾಡಿ ಪೆನ್‌ಡ್ರೈವಿಗೆ ಹಾಕಿದಳು. ಮರುದಿನ ಅದನ್ನು ತಾಳಿ ಸರಕ್ಕೇ ಕಟ್ಟಿಕೊಂಡು ನನ್ನ ಆಟೋದಲ್ಲಿ ಹರಿಹರಕ್ಕೆ ಬಂದಳು. ಅಂಗಡಿಯ ಬಾಗಿಲು ತೆರೆಯುವ ಮೊದಲು ನೇರವಾಗಿ ರವಿಚಂದ್ರನ ಅಂಗಡಿಗೆ ಹೋದಳು. ನಾನು ತಡೆಯಲು ಹೋಗಿ, "ನಾನು ಮೈಕು ಬಿಟ್ಟು ಓಡಿದ್ದು ಅವನ ವಿಡಿಯೋದಾಗೇ ಐತೆ, ಹೊಳೀದೆ ಇರ್ತೈತಾ?" ಎಂದು ಬೈಸಿಕೊಂಡೆ.

"ರವಿ, ನಿನ್ನ ಹತ್ರ ನನ್ನ ಹಳೇ ಫೈಲು ಐತೆ. ನಿನ್ನೆ ನಾನು ಹೇಳಿದ ಒಡಪಿಗೆ ಅದು ತೆರೀತೈತೆ. ನಿನ್ನ ಮೇಲೆ ಅನುಮಾನ ಅಂತ ಬಂದಿಲ್ಲ. ತಿಳ್ಕಳಪ್ಪ, ಅದನ್ನ ಅಳಿಸಿಬಿಡು. ಎಲ್ಲಾ ಬದಲಿ ಮಾಡಾಕೆ ಹತ್ತೀನಿ."

"ಏನಕ್ಕಾ, ನನ್ನ ಕಳ್ಳ ಅಂತೀಯಾ?" ಎಂದು ಅವನು ಬೀದಿಗೆ ಕೇಳುವ ಹಾಗೆ ಎಗರಾಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ನನಗನ್ನಿಸಿತು. ಅವನು ಅದನ್ನು ತೆರೆದು ನೋಡಿದ್ದನೋ ಇಲ್ಲವೋ, ದೇವರಿಗೇ ಗೊತ್ತು. ಅಳಿಸಿದೆ ಎಂದು ಆಮೇಲೆ ಹೇಳಿದ. ನಂಬುವುದಕ್ಕೂ ಬಿಡುವುದಕ್ಕೂ ನಮ್ಮಲ್ಲಿ ಏನೂ ಆಧಾರವಿರಲಿಲ್ಲ.

ಅಲ್ಲಿಂದ ಎದ್ದು ಬಂದವಳೇ ಮಕ್ತುಮ್ ಸಾಬರ ಮುಂದೆ ನಿಂತಳು. ನಡೆದದ್ದನ್ನು ಒಂದಕ್ಷರ ಬಿಡದೆ ಹೇಳಿದಳು, ಒಡಪು ಸಮೇತ. ಸಾಬರು ಸೂಜಿ ಕೆಳಗಿಟ್ಟರು. ಈ ಸಲ ನಸೀಬು ಗಿಸೀಬು ಏನೂ ಬರಲಿಲ್ಲ.

"ಏನ್ರೀ ಅಕ್ಕೋರೆ, ತಮಾಷಾ ಹಚ್ಚೀರೇನು? ಹೋದ ಸಲ ನನ್ ಮಗಳು ಮೂರು ದಿನ ಊಟ ಬಿಟ್ಟಿತ್ತು. ಈಗ ಮೈಕಿನಾಗೆ ಹೇಳೀನಿ ಅಂತೀರಿ! ಅಕಲ್ ಬ್ಯಾಡ್ವಾ?" ಎಂದು ಸಾಲಂಗಡಿಯವರೆಲ್ಲ ಹೊರಗೆ ಬಂದು ನೋಡುವ ಹಾಗೆ ಬೈದರು. ನನ್ನ ಮೈ ಉರಿಯಿತು. ಭಾಗ್ಯ ತಲೆ ತಗ್ಗಿಸದೆ, ಎದುರಾಡದೆ ಕೇಳಿಸಿಕೊಂಡಳು. ಬೈದು ಸಾಕಾದ ಮೇಲೆ ಸಾಬರು ಜೇಬಿನಿಂದ ಫೋನು ತೆಗೆದು ಅವಳ ಕೈಗೆ ಕೊಟ್ಟರು. "ಬದಲಿ ಮಾಡ್ರಿ. ನನ್ ಮುಂದೇನೆ ಮಾಡ್ರಿ."

ಆಮೇಲೆ ಆಟೋದಲ್ಲಿ, "ಹಂಗೆ ಬೈತಾರಲ್ಲ, ನಿನಗೆ ಬ್ಯಾಸರ ಆಗಲಿಲ್ವಾ?" ಎಂದು ಕೇಳಿದೆ.

"ನಮ್ಮೋರನ್ನೇ ಅಲ್ವೇನ್ರಿ ಬೈಯೋದು," ಎಂದಳು. ದನಿ ಸ್ವಲ್ಪ ಒಡೆದಿತ್ತು. ಸಂತೋಷವೋ ಅಳುವೋ, ಎರಡೂ ಇತ್ತು.

ಎಲ್ಲರೂ ಸಾಬರ ಹಾಗೆ ಇರುತ್ತಾರೆಯೇ? ಭಾಗ್ಯಕ್ಕನ ಅಂಗಡಿಯಲ್ಲಿ ಪಾಸ್‌ವರ್ಡ್ ಸೋರುತ್ತದಂತೆ ಎಂದು ಸುದ್ದಿ ಹಬ್ಬಿತು. ಹಬ್ಬಿಸಿದವರು ಯಾರೆಂದು ಹೇಳುವ ಅಗತ್ಯವಿಲ್ಲ. ಹರಿಹರದಲ್ಲಿ ಮಧ್ಯಾಹ್ನವಿಡೀ ಗಿರಾಕಿ ಇಲ್ಲದೆ ಕುರ್ಚಿಗಳು ಖಾಲಿ ಬಿದ್ದವು, ಎದುರುಗಡೆ ಸಾಲು ನಿಂತಿತು. ನನಗೆ ಸಿಟ್ಟು. "ಸರ್ಕಾರದ ರೂಲ್ಸು ಅಂದಿದ್ರೆ ಈ ಗತಿ ಬರ್ತಿತ್ತೇನೇ?" ಎಂದು ಕೂಗಾಡಿದೆ. ಅವಳು ಚೀಲಕ್ಕೆ ಮೊಬೈಲು, ಚಾರ್ಜರು, ಬುತ್ತಿ ಹಾಕಿಕೊಂಡಳು. "ಅವರು ಬರದಿದ್ರೆ ನಾವೇ ಹೋಗಾಣ. ಆಟೋ ತೆಗೀರಿ."

ಹೀಗೆ ನನ್ನ ಲಗೇಜ್ ಆಟೋ ಊರೂರು ತಿರುಗಿತು. ಮಂಡಕ್ಕಿ ಬಾಡಿಗೆ ಇದ್ದರೆ ಮಂಡಕ್ಕಿ ಇಳಿಸಿ, ಇಲ್ಲದಿದ್ದರೆ ಖಾಲಿ. ಕೊಕ್ಕನೂರಿನ ಕಟ್ಟೆಯಲ್ಲಿ ಕೂತಳು, ಲೋಕಿಕೆರೆಯಲ್ಲಿ ಹಾಲಿನ ಡೇರಿಯ ಜಗಲಿಯ ಮೇಲೆ ಕೂತಳು. ಒಬ್ಬೊಬ್ಬರಿಗೂ ಮೊದಲು ತಪ್ಪು ಹೇಳುವುದು, ಆಮೇಲೆ ಫೋನು ಕೇಳುವುದು. ನೆಟ್‌ವರ್ಕ್ ಇಲ್ಲದೆ ಓಟಿಪಿ ಬರದಿದ್ದರೆ ಫೋನು ಹಿಡಿದು ಮಾಳಿಗೆ ಹತ್ತುವುದು. ಕೆಲವರು ನಕ್ಕರು. ಕೆಲವರು ಒಡಪು ಇನ್ನೊಮ್ಮೆ ಹೇಳು ಎಂದು ಕಾಡಿದರು. ಒಬ್ಬ ಮಹಾನುಭಾವ, "ನಾನು ರವಿ ಅಂಗ್ಡಿಗೆ ಹೋಗ್ತೀನಿ ಬಿಡು" ಎಂದ. "ಎಲ್ಲಿಗಾದ್ರೂ ಹೋಗ್ರಿ, ಮೊದ್ಲು ಇದನ್ನ ಬದಲಿ ಮಾಡ್ಕಂಡು ಹೋಗ್ರಿ" ಎಂದು ಅವನ ಬೆನ್ನು ಬಿಡದೆ ಮಾಡಿಸಿಯೇ ಕಳಿಸಿದಳು. ಹೋದವನು ಮತ್ತೆ ಬರಲಿಲ್ಲ, ಅದೂ ನಿಜ. ಆದರೆ ಉಳಿದವರಲ್ಲಿ ಬಹಳ ಜನ ಅಂಗಡಿಗೆ ಮರಳಿ ಬಂದರು. ತಪ್ಪನ್ನು ತಾನೇ ಬಂದು ಹೇಳುವ ಅಂಗಡಿ ಯಾವುದಪ್ಪಾ ಎಂದು ನೋಡಲು ಹೊಸಬರೂ ಬಂದರು.

ಕೊನೆಯವರದು ಬದಲಾಯಿಸಿದ ದಿನ ಅವಳು ಆಟೋದಲ್ಲೇ ನಿದ್ದೆ ಹೋದಳು. ರವಿಚಂದ್ರನ ಡಿಸ್ಕಿನಲ್ಲಿ ಏನೇ ಇರಲಿ, ಅದರಿಂದ ಇನ್ನು ಯಾರ ಮನೆಯ ಬಾಗಿಲೂ ತೆರೆಯುವಂತಿರಲಿಲ್ಲ.

ಇನ್ನೊಂದು ತಾಪತ್ರಯ ಉಳಿದಿತ್ತು. ಚಪ್ಪಲಿ ಬಿಡುವ ಜಾಗದಲ್ಲಿ ಹಾಕಿಕೊಂಡ ಅಡ್ಡಾದಿಡ್ಡಿ ಅಕ್ಷರಗಳು ಅವಳ ಬಾಯಿಗೆ ಹತ್ತುತ್ತಲೇ ಇರಲಿಲ್ಲ. ಗಿರಾಕಿ ಕೂತಿದ್ದಾಗ ಮೂರು ಮೂರು ಸಲ ತಪ್ಪುತ್ತಿತ್ತು. ಮರೆತರೆ ಮುಗಿಯಿತು, ಇಡೀ ಪೆಟ್ಟಿಗೆ ಶಾಶ್ವತವಾಗಿ ಮುಚ್ಚಿಹೋಗುತ್ತದೆ, ಅತೀಕ್ ಬಂದರೂ ತೆರೆಯುವುದಿಲ್ಲ. ಹೊಸ ಮಾತು ಬೇಕು. ಏನು ಕಟ್ಟಿದರೂ ಅವಳಿಗೆ ಭಯ. "ಮತ್ತೆ ಎಲ್ಲಾದ್ರೂ ಬಾಯಿ ಜಾರಿದ್ರೆ? ನಾಳೆ ಇನ್ನೊಂದು ಮದ್ವಿ, ಇನ್ನೊಂದು ತೊಟ್ಟಿಲು. ಕೇಳದೆ ಬಿಡ್ತಾರಾ?" ಎನ್ನುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಇದೇ ಮಾತು ನಡೆದಿತ್ತು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಕೈ ನಿಂತಿತು.

"ನಂದೊಂದು ಐತೆ, ತಗಂತೀಯಾ?" ಎಂದಳು ಸೊಸೆಗೆ.

"ಏನತ್ತೆ?"

"ಒಡಪು. ಮದ್ವಿ ಆದಾಗ ನಾನೇ ಕಟ್ಟಿದ್ದು. ನಿಮ್ಮ ಮಾವ ಇದ್ದಾಗ ಒಂದೆರಡು ಸಲ ಹೇಳಿದ್ದೆ. ಆಗ ಕೇಳಿದೋರು ಯಾರೂ ಈಗಿಲ್ಲ. ಅವರು ಹೋದ ಮ್ಯಾಲೆ ನನ್ನ ಯಾರೂ ಕೇಳಿಲ್ಲ. ಗಂಡ ಸತ್ತೋಳನ್ನ ಒಡಪು ಯಾರು ಕೇಳ್ತಾರೆ? ಇನ್ನೂ ಯಾರೂ ಕೇಳಲ್ಲ. ನನ್ನ ಬಾಯಿಂದ ಅದು ಎಲ್ಲೂ ಹೊರಗೆ ಬೀಳಲ್ಲ ಕಣೇ. ಅದಕ್ಕಿಂತ ಗಟ್ಟಿ ಬೀಗ ನಿನಗೆ ಎಲ್ಲಿ ಸಿಗ್ತೈತೆ?"

ಅಪ್ಪ ಹೋದಾಗ ನಾನು ಸಣ್ಣವನು. ಅಪ್ಪನ ಹೆಸರನ್ನು ಅವ್ವನ ಬಾಯಲ್ಲಿ ನಾನು ಒಂದು ಸಲವೂ ಕೇಳಿಲ್ಲ. ಕಾಗದ ಪತ್ರದವರು ಕೇಳಿದರೂ ನನ್ನ ಕಡೆ ಕೈ ತೋರಿಸುತ್ತಿದ್ದಳು.

"ಅರ್ಧ ನಿಮ್ದು, ಅರ್ಧ ನಂದು ಸೇರಿಸ್ತೀನಿ ಅತ್ತೆ," ಎಂದಳು ಭಾಗ್ಯ, ಕಣ್ಣೊರೆಸಿಕೊಂಡು. "ಹಂಗಾದ್ರೆ ನೀವೂ ಪೂರ್ತಿ ತೆರಿಯಂಗಿಲ್ಲ."

"ಆತು. ನಿಂದು ಏನಾರ ಮಾಡ್ಕ. ಏ ಚೌಡ್ಯಾ, ನೀ ಹೊರಗೆ ಹೋಗು."

"ನಾನು ಮಗ ಅಲ್ವೇನವ್ವಾ?"

"ಮಗ ಆದ್ರೇನು? ಹೋಗು ಅಂದ್ನಲ್ಲ."

ಹೊರಗೆ ಹೋಗಿ ಆಟೋ ತೊಳೆಯುವ ನೆಪದಲ್ಲಿ ಕಿಟಕಿಯ ಹತ್ತಿರ ನಿಂತೆ. ಏನೂ ಕೇಳಿಸಲಿಲ್ಲ. ಒಳಗೆ ಇಣುಕಿದಾಗ ಅವ್ವ ಹಿಟ್ಟಿನ ಕೈಯನ್ನು ಸೊಸೆಯ ಹೆಗಲ ಮೇಲಿಟ್ಟು ಅವಳ ಕಿವಿಯಲ್ಲಿ ಹೇಳುತ್ತಿದ್ದಳು. ಆ ಮುಖದಲ್ಲಿ ಅಂಥ ನಾಚಿಕೆಯನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಆ ಒಡಪು ಏನೆಂದು ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಅಪ್ಪನ ಹೆಸರನ್ನು ಇಲ್ಲಿ ಬರೆಯುವ ಹಾಗೂ ಇಲ್ಲ, ಬರೆದರೆ ಭಾಗ್ಯ ಮನೆಗೆ ಸೇರಿಸುವುದಿಲ್ಲ. ಈಗ ಅವಳು ಅಪ್ಪನ ಹೆಸರಿರುವ ಆ ಮಾತನ್ನು ಟೈಪ್ ಮಾಡುವಾಗ ತುಟಿ ಬಿಗಿಹಿಡಿಯುತ್ತಾಳೆ. ಸಂಜೆ ಹರಿಹರದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅವ್ವ ನೀರು ತಂದುಕೊಟ್ಟು ಎದುರಿಗೆ ಕೂರುತ್ತಾಳೆ.

"ಇವತ್ತು ಪೆಟ್ಟಿಗೆ ಎಷ್ಟು ಸಲ ತೆಗದ್ಯೇ ಭಾಗ್ಯಾ?"

"ಭಾಳ ಸಲ ಅತ್ತೆ."

ಅಷ್ಟು ಕೇಳಿಸಿಕೊಂಡು ಅವ್ವ ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತಾಳೆ.